ಮಿಲರೇಪನ ಚಿತ್ರಪಟಗಳಲ್ಲಿ ಪಾಪದ ಸ್ಥಾನ: ಟಿಬೆಟಿನ ಸಂತಚಿತ್ರಕಲೆಯ ಒಂದು ವಿಮರ್ಶೆ

ಸಂತನೊಬ್ಬನ ಚಿತ್ರದಲ್ಲಿ ಅವನ ಪಾಪಕ್ಕೆ ಎಷ್ಟು ಸ್ಥಳವಿರಬೇಕು? ಕ್ರೈಸ್ತ ಚಿತ್ರಕಲೆ ಈ ಪ್ರಶ್ನೆಗೆ ಬಹುಮಟ್ಟಿಗೆ ಸಂಕೋಚದಿಂದಲೇ ಉತ್ತರ ಕೊಟ್ಟಿದೆ. ಪೇತ್ರನ ಕೈಯಲ್ಲಿ ಬೀಗದ ಕೈಗಳಿರುತ್ತವೆ. ಅವನ ನಿರಾಕರಣೆಯನ್ನು ನೆನಪಿಸುವ ಹುಂಜ ಕೆಲವು ಚಿತ್ರಗಳಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಪೌಲನು ಹಿಡಿದಿರುವ ಖಡ್ಗವು ಅವನು ಸಭೆಯನ್ನು ಹಿಂಸಿಸಿದ ಕಾಲದ ಗುರುತಲ್ಲ, ಅವನೇ ಖಡ್ಗಕ್ಕೆ ಬಲಿಯಾದದ್ದರ ಗುರುತು. ಇಥಿಯೋಪ್ಯದ ಮೋಶೆಯೆಂಬ ಮರುಭೂಮಿಯ ಪಿತೃವು ಹಿಂದೆ ದರೋಡೆಗಾರನಾಗಿದ್ದನೆಂದು ಅವನ ಚರಿತ್ರೆ ಹೇಳುತ್ತದಾದರೂ ಐಕಾನುಗಳಲ್ಲಿ ನಾವು ಕಾಣುವುದು ಪ್ರಶಾಂತನಾದ ಸನ್ಯಾಸಿಯನ್ನು. ಕ್ಷಮಿಸಲ್ಪಟ್ಟ ಪಾಪವು ಚಿತ್ರದ ಚೌಕಟ್ಟಿನಿಂದಲೂ ಹೊರಗೆ ಹೋಗಬೇಕೆಂಬ ಭಾವನೆ ಇದರ ಹಿಂದೆ ಇರಬಹುದು.

ಟಿಬೆಟಿನ ಬೌದ್ಧ ಚಿತ್ರಕಲೆಯಲ್ಲಿ ಇದಕ್ಕಿಂತ ಭಿನ್ನವಾದ ಉತ್ತರವೊಂದಿದೆ. ಆ ನಾಡಿನ ಅತ್ಯಂತ ಜನಪ್ರಿಯ ಸಂತನಾದ ಮಿಲರೇಪನು ಮೂವತ್ತೈದು ಮಂದಿಯನ್ನು ಮಾಟದಿಂದ ಕೊಂದವನು. ಅವನ ಜೀವನವನ್ನು ನಿರೂಪಿಸುವ ಪಟಗಳು ಆ ಕೊಲೆಯನ್ನು ಮರೆಮಾಚುವುದಿಲ್ಲ. ವಿಮುಕ್ತನ ಮುಗುಳ್ನಗೆಯೊಂದಿಗೆ ಒಂದೇ ಮಾಲೆಯಲ್ಲಿ ಅದನ್ನೂ ಬರೆದು ತೋರಿಸುತ್ತವೆ. ಈ ಧೈರ್ಯದಿಂದ ನಾವು ಕಲಿಯಬೇಕಾದದ್ದಿದೆ. ಆದರೆ ಅದೇ ಪಟಗಳಲ್ಲಿ ಒಂದು ಕೊರತೆಯೂ ಇದೆ; ಅದು ನಮ್ಮ ಕೊರತೆಯೂ ಹೌದು. ಈ ಎರಡನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪರಿಶೀಲನೆಗೆ ಮೊದಲು ಎರಡು ಸುಲಭ ಮಾರ್ಗಗಳನ್ನು ಬದಿಗಿಡಬೇಕು. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯವನ್ನು ಎತ್ತಿ ಹೇಳಿ ಇವೆಲ್ಲವೂ ವಿಗ್ರಹಗಳೆಂದು ಕಣ್ಣು ಮುಚ್ಚಿಕೊಳ್ಳುವುದು ಒಂದು. ಸಂತರೆಲ್ಲರೂ ಒಂದೇ, ಮಿಲರೇಪನು ಟಿಬೆಟಿನ ಅಗಸ್ಟೀನನೆಂದು ಹೇಳಿ ಆದರದಿಂದ ಮುಂದೆ ಸಾಗುವುದು ಇನ್ನೊಂದು. ಮೊದಲನೆಯದು ಚಿತ್ರವನ್ನು ನೋಡುವುದಿಲ್ಲ. ಎರಡನೆಯದು ಚಿತ್ರದಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳುತ್ತದೆ. ಬೈಲುಕುಪ್ಪೆಯಲ್ಲಿಯೂ ಮುಂಡಗೋಡಿನಲ್ಲಿಯೂ ಟಿಬೆಟಿನ ವಿಹಾರಗಳು ನೆಲೆಗೊಂಡು ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಗಿದೆ. ಅಂಥ ನೆರೆಯವರ ಚಿತ್ರಗಳನ್ನು ಅವುಗಳ ಸ್ವಂತ ಅರ್ಥದಲ್ಲಿ ಓದಲು ಕಲಿಯುವುದು ಕರ್ನಾಟಕದ ಸಭಾಸೇವಕರಿಗೆ ಹೊರಗಿನ ವಿದ್ಯೆಯಾಗಬಾರದು.

1. ಪಟದ ರಚನೆ

ಥಾಂಗ್ಕಾ ಎಂದರೆ ಸುರುಳಿಯಾಗಿ ಸುತ್ತಿಡಬಹುದಾದ ಚಿತ್ರಪಟ. ಹತ್ತಿಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಸುಣ್ಣದ ಪುಡಿಯನ್ನು ಪ್ರಾಣಿಜನ್ಯ ಅಂಟಿನಲ್ಲಿ ಕಲಸಿ ಲೇಪಿಸಿ, ನುಣುಪಾಗುವಂತೆ ಉಜ್ಜಿ, ಅದರ ಮೇಲೆ ಅಳತೆಯ ಗೆರೆಗಳನ್ನು ಎಳೆದು ಚಿತ್ರವನ್ನು ಬರೆಯುತ್ತಾರೆ. ನೀಲಿ, ಹಸಿರು, ಕೆಂಪು ಬಣ್ಣಗಳು ಸಾಂಪ್ರದಾಯಿಕವಾಗಿ ಖನಿಜಗಳಿಂದ ಬಂದವು. ಪ್ರಭಾವಳಿಗೂ ಆಭರಣಗಳಿಗೂ ಚಿನ್ನ. ಕಣ್ಣುಗಳನ್ನು ಕೊನೆಯಲ್ಲಿ ಬಿಡಿಸುತ್ತಾರೆ. ಪಟದ ಹಿಂಬದಿಯಲ್ಲಿ, ಮೂರ್ತಿಯ ಹಣೆ, ಕಂಠ, ಹೃದಯಗಳಿಗೆ ಸರಿಯಾಗಿ ಓಂ, ಆಃ, ಹೂಂ ಎಂಬ ಬೀಜಾಕ್ಷರಗಳನ್ನು ಬರೆದು ಪ್ರತಿಷ್ಠೆ ಮಾಡುವುದುಂಟು. ಹೀಗೆ ಪ್ರತಿಷ್ಠಿತವಾದ ಪಟವು ಕೇವಲ ಕಥಾಚಿತ್ರವಲ್ಲ. ಭಕ್ತನಿಗೆ ಅದರಲ್ಲಿ ಸಂತನ ಸಾನ್ನಿಧ್ಯವಿದೆ. ಆದುದರಿಂದ ಅದರಲ್ಲಿ ಏನನ್ನು ಬರೆಯುತ್ತಾರೆ, ಏನನ್ನು ಬಿಡುತ್ತಾರೆ ಎಂಬುದು ಅಲಂಕಾರದ ವಿಷಯವಾಗಿ ಉಳಿಯುವುದಿಲ್ಲ.

ಬುದ್ಧರ ಮೂರ್ತಿಗಳಿಗೆ ಅಳತೆಯ ನಿಯಮಗಳು ಬಹು ಕಟ್ಟುನಿಟ್ಟಾಗಿವೆ. ಹದಿನೈದನೆಯ ಶತಮಾನದ ಚಿತ್ರಕಾರ ಮೆನ್ಲಾ ದೊಂಡ್ರುಪನು ಇವುಗಳ ಬಗ್ಗೆ ಶಾಸ್ತ್ರಗ್ರಂಥವನ್ನೇ ರಚಿಸಿದನು. ಪರಿಪೂರ್ಣರಾದವರ ದೇಹದಲ್ಲಿ ವೈಯಕ್ತಿಕ ಲಕ್ಷಣಗಳಿಗೆ ಅವಕಾಶ ಕಡಿಮೆ. ಮುಖಗಳು ಒಂದನ್ನೊಂದು ಹೋಲುತ್ತವೆ. ಮನುಷ್ಯರಾಗಿ ಹುಟ್ಟಿ ಸಾಧನೆಯಿಂದ ಮೇಲೇರಿದವರ ವಿಷಯದಲ್ಲಿ ಕುಂಚಕ್ಕೆ ಹೆಚ್ಚು ಸ್ವಾತಂತ್ರ್ಯವಿದೆ. ಹದಿನಾರು ಅರ್ಹತರಿಗೆ ಸುಕ್ಕುಗಳಿವೆ, ಬೋಳುತಲೆಯಿದೆ, ಜೋಲುವ ಹುಬ್ಬುಗಳಿವೆ. ಸ್ವತಃ ಚಿತ್ರಕಾರನಾಗಿದ್ದ ಹತ್ತನೆಯ ಕರ್ಮಪ ಛೋಯಿಂಗ್ ದೋರ್ಜೆ (1604–1674) ಬರೆದ ಅರ್ಹತರಲ್ಲಂತೂ ಒಂದು ಬಗೆಯ ಮೃದುಹಾಸ್ಯವೇ ಇದೆ. ಮಿಲರೇಪನ ಚಿತ್ರಗಳು ಈ ಎರಡನೆಯ ಬಗೆಗೆ ಸೇರಿದವು.

ಅವನನ್ನು ಗುರುತಿಸುವುದು ಸುಲಭ. ಬಿಳಿಯ ಹತ್ತಿಬಟ್ಟೆಯ ಒಂದೇ ಹೊದಿಕೆ. ‘ರೇಪ’ ಎಂದರೆ ಹತ್ತಿಬಟ್ಟೆ ಉಟ್ಟವನು. ಹೆಗಲಿನಿಂದ ಅಡ್ಡಲಾಗಿ ಇಳಿದ ಧ್ಯಾನಪಟ್ಟಿ. ಗುಹೆಯ ಮುಂದೆ ಜಿಂಕೆಯ ಚರ್ಮದ ಆಸನ. ಬಲಗೈಯನ್ನು ಕಿವಿಯ ಹಿಂದೆ ಹಿಡಿದಿರುತ್ತಾನೆ. ಹಾಡುತ್ತಿದ್ದಾನೆಂದು ಕೆಲವರು, ಆಲಿಸುತ್ತಿದ್ದಾನೆಂದು ಕೆಲವರು ಅದನ್ನು ವಿವರಿಸುತ್ತಾರೆ. ಅವನ ಮೇಲ್ಗಡೆ ಗುರುಪರಂಪರೆ: ನೀಲವರ್ಣದ ವಜ್ರಧರ, ಭಾರತೀಯ ಸಿದ್ಧರಾದ ತಿಲೋಪ ಮತ್ತು ನಾರೋಪ, ಅನುವಾದಕನಾದ ಮಾರ್ಪ. ಪಕ್ಕದಲ್ಲಿ ಅಥವಾ ಕೆಳಗೆ ಶಿಷ್ಯರಾದ ಗಾಂಪೋಪ ಮತ್ತು ರೇಚುಂಗ್ಪ. ಈ ಕಲೆಯಲ್ಲಿ ಸಂತನು ಒಂಟಿಯಾಗಿರುವುದು ವಿರಳ. ಅವನು ಪಡೆದದ್ದನ್ನು ಕೊಟ್ಟವರೂ ಅವನಿಂದ ಪಡೆದವರೂ ಅದೇ ಬಟ್ಟೆಯ ಮೇಲೆ ಇರುತ್ತಾರೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಸಾಕ್ಷಿಗಳ ಮೇಘವನ್ನು ಬಲ್ಲವರಿಗೆ ಈ ವಿನ್ಯಾಸ ಅಪರಿಚಿತವೆನಿಸದು. ಆದರೆ ಇಲ್ಲಿ ಸಾಗಿಬರುವುದು ವಾಗ್ದಾನದಲ್ಲಿಟ್ಟ ನಂಬಿಕೆಯಲ್ಲ, ಗುರುವಿನಿಂದ ಶಿಷ್ಯನಿಗೆ ನೇರವಾಗಿ ದಾಟುವ ಸಾಧನೆಯ ಉಪದೇಶ.

2. ಚರಿತ್ರೆ ಪಟವಾದದ್ದು

ಸಂತಚರಿತ್ರೆಗೆ ಟಿಬೆಟಿನಲ್ಲಿ ‘ನಮ್‌ಥರ್’ ಎಂದು ಹೆಸರು. ಸಂಪೂರ್ಣ ವಿಮುಕ್ತಿ ಎಂದು ಅದರ ಅರ್ಥ. ಮಿಲರೇಪನು ಬಾಳಿದ್ದು ಹನ್ನೊಂದು–ಹನ್ನೆರಡನೆಯ ಶತಮಾನಗಳಲ್ಲಿ. ಅವನ ನಮ್‌ಥರ್‌ಗಳಲ್ಲಿ ಪ್ರಸಿದ್ಧವಾದುದನ್ನು ತ್ಸಾಂಗ್‌ನ್ಯೋನ್ ಹೆರುಕನೆಂಬ ಯೋಗಿಯು 1488ರಲ್ಲಿ ರಚಿಸಿದನು. ಗ್ರಂಥವನ್ನು ಮರದಚ್ಚಿನಲ್ಲಿ ಮುದ್ರಿಸಿ ಹರಡಿದ ಮೇಲೆ ಮಿಲರೇಪನ ಜೀವನವನ್ನು ನಿರೂಪಿಸುವ ಚಿತ್ರಗಳಿಗೆ ಅದೇ ಮುಖ್ಯ ಆಧಾರವಾಯಿತು. ಅಂಥ 19 ಪಟಗಳ ಒಂದು ಮಾಲೆ ಸ್ಟಾಕ್‌ಹೋಮಿನ ಜನಾಂಗಶಾಸ್ತ್ರ ಸಂಗ್ರಹಾಲಯದಲ್ಲಿದೆ. ಟೋನಿ ಶ್ಮಿಡ್ 1952ರಲ್ಲಿ ಅದನ್ನು ವಿವರಣೆಗಳೊಂದಿಗೆ ಪ್ರಕಟಿಸಿದರು.

ಕಥೆಯ ಸಾರ ಇಷ್ಟು. ತಂದೆ ತೀರಿಕೊಂಡಾಗ ಬಾಲಕನ ಆಸ್ತಿಯನ್ನು ಚಿಕ್ಕಪ್ಪನೂ ಸೋದರತ್ತೆಯೂ ಕಬಳಿಸಿ, ತಾಯಿಮಕ್ಕಳನ್ನು ಆಳುಗಳಂತೆ ದುಡಿಸಿಕೊಳ್ಳುತ್ತಾರೆ. ತಾಯಿಯ ಒತ್ತಾಯದಿಂದ ಮಗನು ಮಾಟವನ್ನು ಕಲಿಯುತ್ತಾನೆ. ಚಿಕ್ಕಪ್ಪನ ಮನೆಯಲ್ಲಿ ಮದುವೆ ನಡೆಯುತ್ತಿದ್ದಾಗ ಮನೆ ಕುಸಿದು ಮೂವತ್ತೈದು ಮಂದಿ ಸಾಯುತ್ತಾರೆ; ಅನ್ಯಾಯ ಮಾಡಿದ ಆ ಇಬ್ಬರು ಮಾತ್ರ ಬದುಕಿ ಉಳಿಯುತ್ತಾರೆ. ಮುಂದೆ ಅವನು ಆಲಿಕಲ್ಲಿನ ಮಳೆ ತರಿಸಿ ಊರಿನ ಬೆಳೆಯನ್ನೂ ಹಾಳುಮಾಡುತ್ತಾನೆ. ಬಳಿಕ ಹುಟ್ಟಿದ ಪಶ್ಚಾತ್ತಾಪವೇ ಅವನನ್ನು ಮಾರ್ಪನ ಬಳಿಗೆ ಕರೆದೊಯ್ಯುತ್ತದೆ.

ಚಿತ್ರಕಾರರು ಇದನ್ನೆಲ್ಲ ಒಂದೇ ಭೂದೃಶ್ಯದಲ್ಲಿ ಹರಡುತ್ತಾರೆ. ಬೆಟ್ಟ, ತೊರೆ, ಮೋಡಗಳು ಒಂದು ಪ್ರಸಂಗವನ್ನು ಇನ್ನೊಂದರಿಂದ ಬೇರ್ಪಡಿಸುತ್ತವೆ. ಒಬ್ಬನೇ ಮಿಲರೇಪನು ಒಂದೇ ಬಟ್ಟೆಯ ಮೇಲೆ ಹತ್ತಾರು ಬಾರಿ ಕಾಣಿಸಿಕೊಳ್ಳುತ್ತಾನೆ. ಸೀನಾಯಿಯ ಸಂತ ಕ್ಯಾಥರೀನಳ ಮಠದಲ್ಲಿ ಹದಿಮೂರನೆಯ ಶತಮಾನದ ಇಂಥ ಕ್ರೈಸ್ತ ಐಕಾನುಗಳಿವೆ: ನಡುವೆ ಸಂತನ ದೊಡ್ಡ ಮೂರ್ತಿ, ಸುತ್ತಲೂ ಜೀವನದ ಪ್ರಸಂಗಗಳು. ರಚನೆಯಲ್ಲಿ ಇವೆರಡೂ ಹತ್ತಿರ. ಆದರೆ ನಿಕೊಲಾಸನ ಐಕಾನಿನ ಅಂಚಿನಲ್ಲಿ ಜನನದಿಂದಲೇ ಪುಣ್ಯದ ಪ್ರಸಂಗಗಳು ಸಾಲುಗೊಂಡಿರುತ್ತವೆ. ಮಿಲರೇಪನ ಪಟದಲ್ಲಿ ಸಂತನ ಮೂರ್ತಿಯ ಸುತ್ತಲೇ ಕುಸಿದ ಮನೆಯೂ ಇರುತ್ತದೆ. ನೋಡುವವನ ಕಣ್ಣು ಸಂತನ ಮುಖದಿಂದ ಆ ಅವಶೇಷಗಳಿಗೆ ಹೋಗದೆ ಇರಲಾರದು.

ಈ ಜೋಡಣೆಗೆ ಒಂದು ತಾತ್ವಿಕ ಕಾರಣವಿದೆ. ಮಿಲರೇಪನ ಕೆಲವು ಹಳೆಯ ಚರಿತ್ರೆಗಳು ಅವನನ್ನು ಪೂರ್ವಕಾಲದ ಮಹಾಪುರುಷನೊಬ್ಬನ ಅವತಾರವೆಂದು ಬಣ್ಣಿಸಿದ್ದವು. ತ್ಸಾಂಗ್‌ನ್ಯೋನನ ಗ್ರಂಥದಲ್ಲಿ ಶಿಷ್ಯನೊಬ್ಬನು ಅಂಥ ಮಾತನ್ನೇ ಎತ್ತಿದಾಗ ಮಿಲರೇಪನು ಅದನ್ನು ಒಪ್ಪುವುದಿಲ್ಲ. ತನ್ನನ್ನು ಅವತಾರವೆಂದು ಭಾವಿಸುವುದು ತನಗೆ ಗೌರವವಾಗಬಹುದು, ಆದರೆ ಧರ್ಮದ ಶಕ್ತಿಯ ಮೇಲಿನ ಅವಿಶ್ವಾಸವಾಗುತ್ತದೆ ಎಂಬುದು ಅವನ ಉತ್ತರದ ತಾತ್ಪರ್ಯ. ಸಾಮಾನ್ಯ ಮನುಷ್ಯನು, ಅದರಲ್ಲಿಯೂ ಘೋರಪಾಪಿ, ಒಂದೇ ಜನ್ಮದಲ್ಲಿ ಬುದ್ಧತ್ವವನ್ನು ಪಡೆಯಬಲ್ಲನೆಂದು ತೋರಿಸಬೇಕಾದರೆ ಪಾಪವು ಕಣ್ಣಿಗೆ ಕಾಣಬೇಕು. ಕೊಲೆಯನ್ನು ಅಳಿಸಿದರೆ ಮಾರ್ಗದ ಮಹಿಮೆಯೂ ಅಳಿಸಿಹೋಗುತ್ತದೆ. ಪೌಲನು ತಾನು ಪಾಪಿಗಳಲ್ಲಿ ಮುಖ್ಯನೆಂದು ತಿಮೊಥೆಯನಿಗೆ ಬರೆದ ಪತ್ರಿಕೆಯಲ್ಲಿ ಹೇಳಿಕೊಳ್ಳುವಾಗ ಇರುವ ತರ್ಕ ಇದಕ್ಕೆ ದೂರದ್ದಲ್ಲ.

3. ಲೆಕ್ಕವನ್ನು ಹೊತ್ತ ದೇಹ

ಮಾರ್ಪನು ಶಿಷ್ಯನಿಗೆ ಉಪದೇಶವನ್ನು ಕೊಡುವುದಿಲ್ಲ. ಗೋಪುರ ಕಟ್ಟಲು ಹೇಳುತ್ತಾನೆ. ದುಂಡಾದದ್ದು, ಅರ್ಧಚಂದ್ರಾಕೃತಿಯದು, ತ್ರಿಕೋನದ್ದು ಹೀಗೆ ಒಂದೊಂದನ್ನೂ ಕಟ್ಟಿಸಿ, ಕಲ್ಲುಗಳನ್ನು ತಂದಲ್ಲಿಗೇ ಹಿಂದಿರುಗಿಸೆಂದು ಕೆಡವಿಸುತ್ತಾನೆ. ಬೆನ್ನು ಹುಣ್ಣಾಗುತ್ತದೆ. ಗುರುಪತ್ನಿ ದಾಗ್ಮೇಮ ಮರುಗಿ, ಗುಟ್ಟಾಗಿ ಉಣಿಸಿ ಆರೈಕೆ ಮಾಡುತ್ತಾಳೆ. ಕೊನೆಯಲ್ಲಿ ಕಟ್ಟಿದ ಒಂಬತ್ತು ಅಂತಸ್ತಿನ ಸೇಖರ್ ಗುಥೋಕ್ ದಕ್ಷಿಣ ಟಿಬೆಟಿನ ಲ್ಹೋಡ್ರಾಕಿನಲ್ಲಿ ಇಂದಿಗೂ ಯಾತ್ರಾಸ್ಥಳ. ಜೀವನಪಟಗಳಲ್ಲಿ ಬಹು ಬೇಗ ಗುರುತಿಗೆ ಸಿಗುವುದು ಈ ಪ್ರಸಂಗ: ಕಲ್ಲು ಹೊತ್ತು ಬಾಗಿದ ಸಣ್ಣ ಆಕೃತಿ, ಅರೆಬರೆಯಾಗಿ ನಿಂತ ಗೋಡೆ, ಎದುರಿಗೆ ಸ್ಥೂಲಕಾಯದ ಗುರು.

ದೇವಶಾಸ್ತ್ರದ ದೃಷ್ಟಿಯಿಂದ ಇಡೀ ಕಥೆಯ ಅತ್ಯಂತ ತೀಕ್ಷ್ಣವಾದ ಮಾತು ಇಲ್ಲಿಯೇ ಇದೆ. ಈ ಯಾತನೆಯೆಲ್ಲವೂ ಹಿಂದಿನ ಪಾಪವನ್ನು ತೊಳೆಯುವುದಕ್ಕಾಗಿಯೇ ಎಂದು ಮಾರ್ಪನು ಆಮೇಲೆ ತಿಳಿಸುತ್ತಾನೆ. ದಾಗ್ಮೇಮಳ ಅಕಾಲಿಕ ಕರುಣೆ ಅಡ್ಡಬಾರದಿದ್ದರೆ ಶುದ್ಧಿ ಪೂರ್ಣವಾಗುತ್ತಿತ್ತು, ಈಗ ಸ್ವಲ್ಪ ಶೇಷ ಉಳಿದಿದೆ ಎನ್ನುತ್ತಾನೆ. ಇಲ್ಲಿ ಕರುಣೆಯೇ ಲೆಕ್ಕವನ್ನು ಕೆಡಿಸಿತು. ಕೃಪೆಯಿಂದಲೇ ರಕ್ಷಣೆ ಎಂದು ಸಾರುವ ನಾವು ಈ ಮಾತಿನ ಮುಂದೆ ನಿಲ್ಲಲೇಬೇಕು. ಆದರೂ ಆತುರದ ತೀರ್ಪು ಸಲ್ಲದು. ಶಿಷ್ಯನನ್ನು ಬೈದು ಅಟ್ಟಿದ ಮಾರ್ಪನು ಮರೆಯಲ್ಲಿ ಅಳುತ್ತಾನೆಂದು ಚರಿತ್ರೆ ಹೇಳುತ್ತದೆ. ಕೋಪದ ವೇಷದಲ್ಲಿ ಬರುವ ಪ್ರೀತಿಯ ವಿಷಯವನ್ನು, ದೇವರ ‘ವಿಚಿತ್ರ ಕಾರ್ಯ’ದ ಕುರಿತು ಯೆಶಾಯನನ್ನು ಅನುಸರಿಸಿ ಬರೆದ ಲೂಥರನ ಓದುಗರು ಅರಿಯದವರಲ್ಲ. ಭೇದವಿರುವುದು ಬೇರೆಡೆ: ಯಾತನೆಯ ಹಿಂದೆ ಪ್ರೀತಿ ಇದೆಯೇ ಎಂಬುದರಲ್ಲಲ್ಲ, ಋಣವನ್ನು ತೀರಿಸುವ ದೇಹ ಯಾರದು ಎಂಬುದರಲ್ಲಿ.

ಚಿತ್ರಕಾರರು ಇದಕ್ಕೆ ಕೊಟ್ಟ ಉತ್ತರ ಬಣ್ಣದಲ್ಲಿದೆ. ಗುಹೆಯಲ್ಲಿ ವರ್ಷಗಟ್ಟಲೆ ತುರುಚೆ ಸೊಪ್ಪನ್ನು ಬೇಯಿಸಿ ತಿಂದು ಮಿಲರೇಪನ ಮೈ ಹಸಿರಾಯಿತೆಂದು ಕಥೆ. ಹಲವು ಪಟಗಳಲ್ಲಿ ಅವನ ಚರ್ಮಕ್ಕೆ ಹಸಿರು ಛಾಯೆ ಇದೆ. ತಲೆಯ ಸುತ್ತ ಚಿನ್ನದ ಪ್ರಭಾವಳಿ, ಅದರೊಳಗೆ ಸೊಪ್ಪಿನ ಬಣ್ಣದ ಮುಖ. ಮಹಿಮೆಯು ಹಸಿವಿನ ಗುರುತನ್ನು ಅಳಿಸದೆ ಉಳಿಸಿದೆ. ದೊನತೆಲ್ಲೊ ಮರದಲ್ಲಿ ಕೆತ್ತಿದ ಕೃಶಳಾದ ಮಗ್ದಲದ ಮರಿಯಳನ್ನೂ, ಬಿಸಿಲಿಗೆ ಕಪ್ಪಾಗಿ ಎಲುಬುಗೂಡಾದ ಈಜಿಪ್ಟಿನ ಮರಿಯಳ ಐಕಾನುಗಳನ್ನೂ ಬಲ್ಲವರು ಈ ಭಾಷೆಯನ್ನು ಅರ್ಥಮಾಡಿಕೊಳ್ಳುತ್ತಾರೆ. ಗಾಂಪೋಪನನ್ನು ಬೀಳ್ಕೊಡುವಾಗ ಮಿಲರೇಪನು ಕೊನೆಯ ಉಪದೇಶವಾಗಿ ಬಟ್ಟೆಯನ್ನು ಎತ್ತಿ, ಕಲ್ಲಿನ ಮೇಲೆ ಕುಳಿತು ಕುಳಿತು ಜಡ್ಡುಗಟ್ಟಿದ ತನ್ನ ಪೃಷ್ಠವನ್ನು ತೋರಿಸಿದನಂತೆ. ಗ್ರಂಥಗಳು ಹೇಳಲಾಗದ್ದನ್ನು ದೇಹವು ಹೇಳಿತು. ಹೀಗೆ ಮಿಲರೇಪನ ಪಟಗಳು ದೇಹವನ್ನೇ ಲೆಕ್ಕದ ಪುಸ್ತಕವಾಗಿ ಓದಿಸುತ್ತವೆ: ಬೆನ್ನಿನ ಹುಣ್ಣು, ಹಸಿರು ಚರ್ಮ, ಜಡ್ಡು. ಕಲೆಯಾಗಿ ಇದು ಶ್ರೇಷ್ಠವಾದದ್ದು. ಪವಿತ್ರತೆಯೆಂದರೆ ನುಣುಪಾದ ಮುಖವೆಂಬ ನಮ್ಮ ಮುದ್ರಿತ ಚಿತ್ರಗಳ ಕಲ್ಪನೆಯನ್ನು ಇದು ನಾಚಿಸುತ್ತದೆ.

4. ಮೂವತ್ತೈದು ಮಂದಿ

ಮೆಚ್ಚುಗೆಯ ಬಳಿಕ ಪ್ರಶ್ನೆಯನ್ನು ಕೇಳಲೇಬೇಕು. ಸತ್ತ ಆ ಮೂವತ್ತೈದು ಮಂದಿ ಎಲ್ಲಿ? ಮನೆ ಕುಸಿಯುವ ಪ್ರಸಂಗದಲ್ಲಿ ಅವರು ಇದ್ದಾರೆ. ಆ ಪ್ರಸಂಗ ಮುಗಿದೊಡನೆ ಪಟದಿಂದ ಮಾಯವಾಗುತ್ತಾರೆ. ಅವರಲ್ಲಿ ಚಿಕ್ಕಪ್ಪನ ಮಕ್ಕಳಿದ್ದರು, ಸೊಸೆಯಂದಿರಿದ್ದರು, ಔತಣಕ್ಕೆ ಬಂದ ನೆಂಟರಿದ್ದರು. ಆಸ್ತಿಯನ್ನು ಕಬಳಿಸಿದವರು ಅವರಲ್ಲ. ಚಿತ್ರದ ಮುಂದಿನ ಓಟದಲ್ಲಿ ಅವರ ಸಾವು ಸಂತನ ಪಯಣದ ಮೊದಲ ಮೆಟ್ಟಿಲಾಗಿ ಮಾತ್ರ ಉಳಿಯುತ್ತದೆ. ಕೊಂದವನು ನಡುವೆ, ದೊಡ್ಡವನಾಗಿ, ಚಿನ್ನದ ವರ್ತುಲದಲ್ಲಿ. ಕೊಲ್ಲಲ್ಪಟ್ಟವರು ಸಣ್ಣವರಾಗಿ, ಹೆಸರಿಲ್ಲದೆ, ಮೂಲೆಯಲ್ಲಿ.

ಚರಿತ್ರೆಯ ಗ್ರಂಥವು ಈ ವಿಷಯದಲ್ಲಿ ಪಟಕ್ಕಿಂತ ಸೂಕ್ಷ್ಮವಾಗಿದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆಲಿಕಲ್ಲಿನ ಇನ್ನೊಂದು ಪ್ರಸಂಗದಲ್ಲಿ ಮಿಲರೇಪನು ಸತ್ತ ಹಕ್ಕಿಗಳನ್ನು ಬಟ್ಟೆಯಲ್ಲಿ ತುಂಬಿ ತಂದು ಗುರುವಿನ ಮುಂದೆ ಸುರಿದು ಅಳುತ್ತಾನೆ. ಗುರುವಿನ ಶಕ್ತಿಯಿಂದ ಅವು ಎದ್ದು ಹಾರುತ್ತವೆ. ಮುಂದೆ ಸೋದರತ್ತೆಯು ಪಶ್ಚಾತ್ತಾಪಪಟ್ಟು ಕಾಣಲು ಬಂದಾಗ ತಂಗಿ ಪೇಟಾ ಸೇತುವೆಯನ್ನೇ ಎಳೆದುಬಿಡುತ್ತಾಳೆ. ಮಿಲರೇಪನು ಮಾತ್ರ ಅತ್ತೆಯನ್ನು ಬರಮಾಡಿಕೊಂಡು ಉಪದೇಶಿಸುತ್ತಾನೆ. ಅವಳು ಅವನಿಗೆ ಅನ್ಯಾಯ ಮಾಡಿದವಳೂ ಹೌದು, ಅವನಿಂದ ಬಂಧುಗಳನ್ನು ಕಳೆದುಕೊಂಡವಳೂ ಹೌದು. ಕುಸಿದ ಮನೆಯ ಕಡೆಯಿಂದ ಒಬ್ಬರಾದರೂ ಸಂತನ ಎದುರಿಗೆ ಬಂದು ನಿಂತ ಪ್ರಸಂಗ ಇದು. ಪಟದ ನಡುವೆ ಇರಬೇಕಾದದ್ದು ಇದೇ ಎಂದು ಈ ವಿಮರ್ಶಕನಿಗೆ ತೋರುತ್ತದೆ.

ಬೌದ್ಧ ಪರಂಪರೆಯೊಳಗೇ ಇದಕ್ಕೆ ಹಳೆಯ ಮೇಲ್ಪಂಕ್ತಿಯಿದೆ. ಪಾಲಿ ಮಜ್ಝಿಮನಿಕಾಯದ ಅಂಗುಲಿಮಾಲನು ಭಿಕ್ಷುವಾದ ಮೇಲೆ ಭಿಕ್ಷೆಗೆ ಹೋದಾಗ ಕಲ್ಲು ದೊಣ್ಣೆಗಳ ಏಟು ತಿಂದು, ರಕ್ತ ಸುರಿಸುತ್ತ ಹಿಂದಿರುಗುತ್ತಾನೆ. ಬುದ್ಧನು ಅದನ್ನು ಸಹಿಸಿಕೊಳ್ಳಲು ಹೇಳುತ್ತಾನೆ. ವಿಮುಕ್ತನಾದವನನ್ನು ಊರು ಇನ್ನೂ ಮರೆತಿಲ್ಲ. ಕನ್ನಡ ಓದುಗರಿಗೆ ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯೂ ನೆನಪಾಗಬಹುದು. ಹಿಂದಿನ ಜನ್ಮದಲ್ಲಿ ಅವನು ಒದ್ದಿದ್ದ ಅತ್ತಿಗೆಯೇ ನರಿಯಾಗಿ ಬಂದು ಅವನ ಕಾಲನ್ನು ತಿನ್ನುತ್ತಾಳೆ. ಅಲ್ಲಿ ನೊಂದವರು ಸೇಡಿನ ರೂಪದಲ್ಲಾದರೂ ಹಿಂದಿರುಗಿ ಬರುತ್ತಾರೆ.

ಬೌದ್ಧ ವಿದ್ವಾಂಸರು ಇದಕ್ಕೆ ಸಮಾಧಾನ ಹೇಳಬಲ್ಲರು. ಸತ್ತವರೂ ತಮ್ಮ ತಮ್ಮ ಕರ್ಮದ ಪ್ರವಾಹದಲ್ಲಿ ಸಾಗುತ್ತಿದ್ದಾರೆ. ಸಕಲ ಜೀವಿಗಳ ಹಿತಕ್ಕಾಗಿ ಬುದ್ಧತ್ವವನ್ನು ಬಯಸುವವನ ಸಾಧನೆಯ ಫಲ ಅವರಿಗೂ ಸೇರಿದೆ. ಕೊಂದವನು, ಕೊಲ್ಲಲ್ಪಟ್ಟವನು ಎಂಬ ಸ್ಥಿರವಾದ ‘ನಾನು’ ಕೊನೆಗೆ ಇಲ್ಲವೇ ಇಲ್ಲ. ಇದು ಗಂಭೀರವಾದ ಉತ್ತರ. ಆದರೂ ಹೆಸರು ಹಿಡಿದು ಕರೆಯುವ ದೇವರನ್ನು ನಂಬುವವರಿಗೆ ಇದು ಸಾಲದು. ಹೇಬೆಲನ ರಕ್ತವು ನೆಲದಿಂದ ಕೂಗುತ್ತದೆಂದು ಆದಿಕಾಂಡದಲ್ಲಿ ಓದಿದವರು ಆ ಮೂವತ್ತೈದು ಮಂದಿಯನ್ನು ಪ್ರವಾಹಕ್ಕೆ ಬಿಟ್ಟುಕೊಡಲಾರರು.

5. ನಮ್ಮ ಪಟಗಳಲ್ಲಿ ಸ್ತೆಫನನೆಲ್ಲಿ?

ಈ ಮಾತು ನಮ್ಮ ಮೇಲೆಯೇ ತಿರುಗುತ್ತದೆ. ದಮಸ್ಕದ ಮಾರ್ಗದ ಚಿತ್ರಗಳಿಗೆ ಕ್ರೈಸ್ತ ಕಲೆಯಲ್ಲಿ ಲೆಕ್ಕವಿಲ್ಲ: ಬೆಳಕು, ಕುದುರೆ, ನೆಲಕ್ಕೆ ಬಿದ್ದ ಸೌಲ. ಆ ಚೌಕಟ್ಟಿನಲ್ಲಿ ಸ್ತೆಫನನನ್ನು ಕಾಣುವುದು ಅಪರೂಪ. ಅಪೊಸ್ತಲರ ಕೃತ್ಯಗಳ ಗ್ರಂಥಕರ್ತನು ಹಾಗೆ ಬೇರ್ಪಡಿಸಲಿಲ್ಲ. ಕಲ್ಲೆಸೆಯುವವರ ಬಟ್ಟೆಗಳು ಸೌಲನ ಪಾದದ ಬಳಿ ಇದ್ದವೆಂದು ಅವನು ದಾಖಲಿಸುತ್ತಾನೆ. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಪೌಲನು ತನ್ನ ಪರಿವರ್ತನೆಯನ್ನು ಹೇಳಿಕೊಳ್ಳುವಾಗ ಸ್ತೆಫನನ ರಕ್ತವನ್ನು ಹೆಸರಿನ ಸಮೇತ ಜ್ಞಾಪಿಸಿಕೊಳ್ಳುತ್ತಾನೆ. ಅಪೊಸ್ತಲನ ಸಾಕ್ಷಿಯಲ್ಲಿ ಸತ್ತವನಿಗೆ ಹೆಸರಿದೆ.

ಪ್ರಕಟನೆಯ ಗ್ರಂಥದಲ್ಲಿ ಈ ದರ್ಶನ ಪೂರ್ಣವಾಗುತ್ತದೆ. ಸಿಂಹಾಸನದ ಮಧ್ಯದಲ್ಲಿ ನಿಂತಿರುವುದು ವಧಿಸಲ್ಪಟ್ಟ ಕುರಿಮರಿ. ಯಜ್ಞವೇದಿಯ ಕೆಳಗೆ ಕೊಲ್ಲಲ್ಪಟ್ಟವರ ಆತ್ಮಗಳು ಎಷ್ಟರ ತನಕ ಎಂದು ಕೇಳುತ್ತವೆ. ಮಿಲರೇಪನ ಪಟದ ನಡುವೆ ಪರಿವರ್ತನೆ ಹೊಂದಿದ ಪಾಪಿಯಿದ್ದಾನೆ. ಯೋಹಾನನ ದರ್ಶನದ ನಡುವೆ ಬಲಿಯಾದವನಿದ್ದಾನೆ. ಪುನರುತ್ಥಾನ ಹೊಂದಿದ ಕರ್ತನು ತೋಮನಿಗೆ ತೋರಿಸಿದ ಗಾಯಗಳು ಅವನು ತನ್ನ ಪಾಪವನ್ನು ತೀರಿಸಿದ್ದರ ಗುರುತಲ್ಲ, ಇತರರ ಪಾಪವು ಅವನ ಮೇಲೆ ಬಿದ್ದದ್ದರ ಗುರುತು. ಎರಡೂ ಧರ್ಮಗಳು ಮಹಿಮೆಗೊಂಡ ದೇಹದಲ್ಲಿ ಕಲೆಗಳನ್ನು ಉಳಿಸಿವೆ. ಆ ಕಲೆಗಳ ಅರ್ಥ ಬೇರೆಬೇರೆ. ಈ ಭೇದವನ್ನು ಮುಚ್ಚಿಡುವುದು ಸೌಜನ್ಯವೆನಿಸದು.

ಆದರೆ ದೇವಶಾಸ್ತ್ರ ಸರಿಯಿದ್ದ ಮಾತ್ರಕ್ಕೆ ಸಭೆಯ ಆಚರಣೆ ಸರಿಯಾಗುವುದಿಲ್ಲ. ಉಜ್ಜೀವನ ಕೂಟಗಳಲ್ಲಿ ಕೇಳಿಬರುವ ಸಾಕ್ಷಿಗಳನ್ನು ಗಮನಿಸಿದವರಿಗೆ ಇದು ಗೊತ್ತಿರುವ ಸಂಗತಿ. ಕುಡಿತ, ಹೊಡೆತ, ಮೋಸಗಳ ಹಿಂದಿನ ಜೀವನವನ್ನು ಸಾಕ್ಷಿ ಹೇಳುವವನು ಎಷ್ಟು ಕಪ್ಪಾಗಿ ಚಿತ್ರಿಸುತ್ತಾನೋ ಕೃಪೆಯು ಅಷ್ಟು ಪ್ರಕಾಶಿಸುತ್ತದೆಂದು ಸಭೆ ಭಾವಿಸುತ್ತದೆ. ಅವನ ಹೊಡೆತವನ್ನು ತಿಂದ ಹೆಂಡತಿ ಮೂರನೆಯ ಸಾಲಿನಲ್ಲಿ ತಲೆತಗ್ಗಿಸಿ ಕುಳಿತಿರಬಹುದು. ಅವನಿಂದ ಹಣ ಕಳೆದುಕೊಂಡ ನೆರೆಯವನು ಕೂಟಕ್ಕೆ ಬಾರದೆಯೇ ಇರಬಹುದು. ಅವರಿಬ್ಬರೂ ಕುಸಿದ ಮನೆಯೊಳಗಿನ ಹೆಸರಿಲ್ಲದ ಆಕೃತಿಗಳಂತೆ ಕಥೆಗೆ ಒದಗುವ ಸಾಮಗ್ರಿಯಾಗುತ್ತಾರೆ. ಜಕ್ಕಾಯನು ರಕ್ಷಣೆಯ ದಿನದಲ್ಲಿಯೇ ತಾನು ಅನ್ಯಾಯ ಮಾಡಿದವರನ್ನು ನೆನೆದು ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದು ನಿಂತನು. ನಮ್ಮ ಸಾಕ್ಷಿಗಳಲ್ಲಿ ಆ ನಿಲ್ಲುವಿಕೆ ಎಷ್ಟು ಬಾರಿ ಕೇಳಿಬರುತ್ತದೆ? ಸಾಕ್ಷಿ ಹೇಳಲು ಬರುವವನನ್ನು ವೇದಿಕೆಗೆ ಕರೆಯುವ ಮೊದಲು ಅವನಿಂದ ನೊಂದವರನ್ನು ಕಂಡು ಮಾತನಾಡಿಸುವುದು ಸಭಾಪಾಲಕನ ಕೆಲಸವಲ್ಲವೇ?

ಮಿಲರೇಪನ ಪಟಗಳು ನಮಗೆ ಮಾಡುವ ಉಪಕಾರ ಎರಡು ಬಗೆಯದು. ಸಂತನ ಪಾಪವನ್ನು ಪಟದೊಳಗೆ ಉಳಿಸಿ, ತೊಳೆದಿಟ್ಟ ನಮ್ಮ ಸಂತಚಿತ್ರಗಳನ್ನು ಅವು ಪ್ರಶ್ನಿಸುತ್ತವೆ. ಹಾಗೆ ಉಳಿಸಿದ ಮೇಲೆಯೂ ಸತ್ತವರನ್ನು ಮೂಲೆಗೆ ಬಿಟ್ಟಿರುವುದರಿಂದ, ಪಾಪವನ್ನು ಒಪ್ಪಿಕೊಂಡಷ್ಟಕ್ಕೇ ನ್ಯಾಯ ಸಂದಾಯವಾಗದೆಂಬುದನ್ನೂ ತಿಳಿಸುತ್ತವೆ. ಬೈಲುಕುಪ್ಪೆಗೆ ಹೋಗುವ ಗುರುವಿದ್ಯಾರ್ಥಿಗಳು ಅಲ್ಲಿನ ಚಿತ್ರಗಳ ಮುಂದೆ ಪಾದರಕ್ಷೆ ಬಿಟ್ಟು ನಿಂತಾಗ, ನಡುವಿನ ದೊಡ್ಡ ಮೂರ್ತಿಯನ್ನು ನೋಡಿದಷ್ಟೇ ಸಾವಧಾನದಿಂದ ಅಂಚಿನ ಸಣ್ಣ ಆಕೃತಿಗಳನ್ನೂ ನೋಡಲಿ. ಹಿಂದಿರುಗಿ ಬಂದು ತಮ್ಮ ಸಭೆಯ ಮುಂದೆ ನಿಂತಾಗಲೂ ಆ ಅಭ್ಯಾಸವನ್ನು ಬಿಡದಿರಲಿ.